ಕಾಲುಚೀಲದೊಳಗಿನ ಬಾಟಲಿ

ಶಿನೋನ್
೭ ಅಕ್ಟೋಬರ್ ೧೯೮೪, ಭಾನುವಾರ

ಪ್ರೀತಿಯ ಎಡ್ವಿಜ್ ಅಕ್ಕನಿಗೆ,

ಈ ಪತ್ರಕ್ಕಿಂತ ಮೊದಲೇ ಒಂದು ಮರದ ಪೆಟ್ಟಿಗೆ ನಿನ್ನ ಬಾಗಿಲಿಗೆ ಬಂದಿದ್ದರೆ ಗಾಬರಿಯಾಗಬೇಡ. ನಮ್ಮ ಬೀದಿಯ ಲಾರಿಯವನು ಈರುಳ್ಳಿ ತುಂಬಿಕೊಳ್ಳಲು ನಿಮ್ಮ ರೊಸ್ಕಾಫಿಗೆ ಹೊರಟಿದ್ದ, ಅವನ ಕೈಲಿ ಕಳಿಸಿದ್ದೇನೆ. ಅದರಲ್ಲಿ ನನ್ನ ಎರಡು ಹಳೆಯ ಕಾಲುಚೀಲಗಳಿವೆ. ಒಗೆದವೇ. ಒಂದೊಂದರೊಳಗೆ ಒಂದೊಂದು ಬಾಟಲಿ. ನೀಲಿಯದರಲ್ಲಿ ಅಪ್ಪನ ನಲವತ್ತೇಳನೇ ಇಸವಿಯ ಬಿಳಿ ವೈನ್, ಬೂದುಬಣ್ಣದ್ದರಲ್ಲಿ ಐವತ್ತೊಂಬತ್ತರ ಕೆಂಪು.

ಹೌದು, ಅಪ್ಪನದೇ. ಹೋದ ವಾರ ನೆಲಮಾಳಿಗೆ ಗುಡಿಸುವಾಗ ಹಳೆಯ ಪೀಪಾಯಿ ಹಲಗೆಗಳ ಹಿಂದೆ ಸಿಕ್ಕವು. "ನಲವತ್ತು ವರ್ಷ ಪೀಪಾಯಿ ಮಾಡ್ದೋರು ನೀವು, ನಿಮ್ಮ ಹಲಗೆ ಹಿಂದೆ ಏನಿದೆ ಅಂತ ಒಂದಿನ ಬಗ್ಗಿ ನೋಡ್ಲಿಲ್ವಲ್ರೀ" ಎಂದು ಮಾರ್ಸೆಲಿನ್ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಒಟ್ಟು ಐದು ಬಾಟಲಿ. ಬಿಳಿ ಎರಡು, ಕೆಂಪು ಎರಡು. ಅವುಗಳಲ್ಲಿ ಒಂದೊಂದು ನಿನಗೆ, ಒಂದೊಂದು ನನಗೆ. ಐದನೆಯದು ನಲವತ್ತೇಳರ ಬಿಳಿಯದೇ, ಆದರೆ ಎರಡು ಬಾಟಲಿ ಹಿಡಿಸುವ ದೊಡ್ಡದು. ಅದನ್ನು ಕಳಿಸುವುದಿಲ್ಲ. ಅದರ ಬಿರಡೆ ಒಸರುತ್ತಿದೆ. ಹೆಬ್ಬೆರಳು ಒತ್ತಿದರೆ ತೇವ ಹತ್ತುತ್ತದೆ. ಒಸರುವುದೆಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂದಿನ ಬೇಸಿಗೆಯ ತನಕ ಅದು ಉಳಿಯುವುದಿಲ್ಲ. ನೀನಿಲ್ಲದೆ ನಾನು ಅದನ್ನು ತೆಗೆಯುವುದೂ ಇಲ್ಲ. ಕ್ರಿಸ್‌ಮಸ್‌ಗೆ ಬಾ.

ಅಲ್ಲಿಯವರೆಗೆ ಅಭ್ಯಾಸಕ್ಕೆಂದು ಈ ಎರಡು. ನಿಯಮ ಅಪ್ಪನದೇ. ಬಾಟಲಿ ಕಾಲುಚೀಲದಲ್ಲಿರಬೇಕು. ರುಚಿ ನೋಡಿ ಚೀಟಿ ಬರೆಯುವ ತನಕ ಯಾರೂ ತುಟಿ ಬಿಚ್ಚಬಾರದು. ಬರೆದು, ಮಡಚಿ, ಲೋಟದಡಿ ಇಟ್ಟ ಮೇಲೇ ಓದುವುದು. ಒಳಗೇನಿದೆ ಎಂದು ಗೊತ್ತಿದ್ದ ಮೇಲೆ ಕಾಲುಚೀಲ ಯಾಕೆ ಎನ್ನಬೇಡ, ಬಾಟಲಿಗೂ ಚಳಿ ಇರುತ್ತದೆ. ಅಂಕ ಇಪ್ಪತ್ತಕ್ಕೆ. ಇಪ್ಪತ್ತು ದೇವರಿಗೆ, ಹತ್ತೊಂಬತ್ತು ಪಾದ್ರಿಗೆ, ಹದಿನೆಂಟು ಇನ್ನೂ ಹುಟ್ಟದ ದ್ರಾಕ್ಷಿಗೆ ಎನ್ನುತ್ತಿದ್ದರಲ್ಲ ಅಪ್ಪ. ಆದ್ದರಿಂದ ಹದಿನೇಳು ದಾಟಬೇಡ.

ಪಾದ್ರಿ ಎಂದ ಕೂಡಲೇ ನೆನಪಾಯಿತು. ಅವರು ಊಟಕ್ಕೆ ಬಂದ ಆ ಭಾನುವಾರ. ಅಪ್ಪ ಮುಚ್ಚಿಟ್ಟಿದ್ದ ಕೆಂಪನ್ನು ತೆಗೆದು ಸುರಿದರು. ಪಾದ್ರಿ ಅರ್ಧ ಲೋಟ ಇಳಿಸಿ "ಸ್ವರ್ಗ, ಸಾಕ್ಷಾತ್ ಸ್ವರ್ಗ!" ಎನ್ನುತ್ತಿದ್ದಾರೆ. ನೀನು ಹನ್ನೆರಡು ವರ್ಷದವಳು, ಮೆಟ್ಟಿಲ ಮೇಲಿಂದಲೇ ಕೂಗಿದೆ: "ಅಪ್ಪಾ, ಬಿರಡೆ ಕೆಟ್ಟಿದೆ! ಒದ್ದೆ ರಟ್ಟಿನ ವಾಸ್ನೆ!" ಅಪ್ಪ ಮೂಸಿ, ಇಡೀ ಬಾಟಲಿಯನ್ನು ಬಚ್ಚಲಿಗೆ ಸುರಿದರು. ಪಾದ್ರಿಯ ಸ್ವರ್ಗ ಬಚ್ಚಲಲ್ಲಿ ಹರಿದುಹೋಯಿತು. ಅಂದಿನಿಂದ ಮನೆಯಲ್ಲಿ ನಿನಗೆ 'ಮೂಗು' ಎಂದೇ ಹೆಸರು. ನನಗಿದ್ದ ಹೆಸರನ್ನು ನೀನು ಮರೆತಿದ್ದರೆ ನಾನು ನೆನಪಿಸುವುದಿಲ್ಲ.

ಅಪ್ಪನ ಕಪ್ಪು ನೋಟುಪುಸ್ತಕ ನಿನ್ನ ಹತ್ತಿರವೇ ಇದೆಯಲ್ಲ? ಬರುವಾಗ ತಾ.

ನಿನ್ನ ತಮ್ಮ,
ಆನ್ಸೆಲ್ಮ್

*

ರೊಸ್ಕಾಫ್
೨೮ ಅಕ್ಟೋಬರ್ ೧೯೮೪

ಕಾಲುಚೀಲ ಮಹಾಶಯರಿಗೆ,

ಮರೆತಿಲ್ಲ, ನೋಡು.

ಪೆಟ್ಟಿಗೆ ಬಂತು. ಬಾಟಲಿಗಳು ಕ್ಷೇಮ. ಕಾಲುಚೀಲಕ್ಕೆ ಮಾರ್ಸೆಲಿನ್ ಹಿಮ್ಮಡಿಯಲ್ಲಿ ಹಾಕಿದ ಹೊಲಿಗೆ ಅಮ್ಮನ ಹೊಲಿಗೆಯಂತೆಯೇ ಇದೆ. ಅದನ್ನು ನೋಡುತ್ತ ಸ್ವಲ್ಪ ಹೊತ್ತು ಕುಳಿತುಬಿಟ್ಟೆ.

ಇವತ್ತು ಹನ್ನೊಂದು ಗಂಟೆಗೆ, ಬಾಯಿಗೆ ಬೇರೇನೂ ಹಾಕದೆ ಬಿಳಿಯದನ್ನು ತೆಗೆದೆ. ಇಗೋ ನನ್ನ ಚೀಟಿ.

ಬಣ್ಣ: ಹಳೆಯ ಮದುವೆಯುಂಗುರದ್ದು. ಮೂಗು: ಮೊದಲು ಜೇನುಮೇಣ, ಆಮೇಲೆ ಒಲೆಯಲ್ಲಿ ಬೆಂದ ಸೇಬು, ಲೋಟ ತಿರುಗಿಸಿದರೆ ಮಳೆ ಬಿದ್ದ ಸುಣ್ಣದ ಕಲ್ಲು. ನಾಲಿಗೆ: ಹುಳಿ ಇನ್ನೂ ಬೆನ್ನು ಬಗ್ಗಿಸಿಲ್ಲ. ಸಿಹಿ ಅದರ ಕೈಹಿಡಿದು ನಡೆಯುತ್ತದೆ. ಹದಿನಾರು.

ಸಾಕಲ್ಲ? ಇನ್ನು ಕ್ರಿಸ್‌ಮಸ್ ವಿಷಯ. ಫೆಬ್ರವರಿಯಲ್ಲಿ ಬಂದರಿನ ಮೆಟ್ಟಿಲಿಂದ ಬಿದ್ದೆನೆಂದು ಬರೆದಿದ್ದೆನಲ್ಲ, ತಲೆಯ ಹಿಂದಿನ ಐದು ಹೊಲಿಗೆ ಮಾಗಿದವು. ಕಾಲು ಮಾತ್ರ ಇನ್ನೂ ಹಟ ಮಾಡುತ್ತದೆ. ಮೂರು ರೈಲು ಬದಲಿಸಿ ಬರುವುದು ಕಷ್ಟ.

ಒಂದು ತಮಾಷೆ ಕೇಳು. ಹೋದ ಮಂಗಳವಾರ ಒಲೆಯ ಮೇಲೆ ಹಾಲಿಟ್ಟು ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದೆ. ಪಕ್ಕದ ಮನೆಯ ಲ ಗುವೆನ್ ಬಾಗಿಲು ದಬ್ಬಿಕೊಂಡು ಬಂದ. "ಏನಮ್ಮಾ ಇದು, ಹಾಲು ಸೀದು ಬೀದಿಗೆಲ್ಲ ನಾರ್ತಿದೆ, ನೀವು ಇಲ್ಲೇ ಕೂತಿದೀರಲ್ಲ!" ಪಾತ್ರೆ ಕೆಂಪಗಾಗಿತ್ತು. ಪೇಪರಿನಲ್ಲಿ ಅಷ್ಟು ಮುಳುಗಿದ್ದೆ.

ವಯಸ್ಸಾಯಿತು ಕಣೋ.

ಎಡ್ವಿಜ್

*

ಶಿನೋನ್
೪ ನವೆಂಬರ್ ೧೯೮೪

ಅಕ್ಕಾ,

ನಿನ್ನ ಚೀಟಿಯನ್ನು ಮಾರ್ಸೆಲಿನ್ ಗಟ್ಟಿಯಾಗಿ ಓದಿದಳು, ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. 'ಹುಳಿ ಇನ್ನೂ ಬೆನ್ನು ಬಗ್ಗಿಸಿಲ್ಲ' ಎಂದಾಗ ಮೈ ಜುಮ್ಮೆಂದಿತು. ಅಪ್ಪನೇ ಮೇಜಿನ ತುದಿಯಲ್ಲಿ ಕೂತು ಹೇಳಿದ ಹಾಗಿತ್ತು. ಅರವತ್ತೊಂಬತ್ತರಲ್ಲೂ ಇಂಥ ಮೂಗು! ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದಿಲ್ಲ.

ನನ್ನ ಚೀಟಿಯನ್ನು ನಿನ್ನ ಪತ್ರ ಒಡೆಯುವ ಮೊದಲೇ ಬರೆದಿದ್ದೆ. ಹಾಗೆಯೇ ಇಳಿಸುತ್ತೇನೆ. ಬಣ್ಣ: ಹಳದಿ. ಮೂಗು: ಜೇನು. ಒದ್ದೆ ಉಣ್ಣೆ. ನಾಲಿಗೆ: ಚೆನ್ನಾಗಿದೆ. ಹದಿನೈದು.

ನಗು, ನಗು. ನೀನು ಮೊದಲ ಸಲ ನಕ್ಕಿದ್ದು ಇಪ್ಪತ್ತಾರನೇ ಇಸವಿಯಲ್ಲಿ. ನನಗೆ ಒಂಬತ್ತು ವರ್ಷ. ಅಪ್ಪ ತಾತನ ಕಾಲದ ಬಿಳಿಯದನ್ನು ತೆಗೆದಿದ್ದರು, ನಮಗೆ ತಲಾ ಎರಡು ಹನಿ. ನೀನು 'ಬೆಂದ ಸೇಬು' ಎಂದು ಬರೆದೆ. ನಾನು ತುಂಬ ಹೊತ್ತು ಮೂಸಿ, ನನಗೆ ಕಂಡದ್ದನ್ನೇ 'ಒದ್ದೆ ಉಣ್ಣೆ' ಎಂದು ಬರೆದೆ. ನೀನು ಕುರ್ಚಿಯಿಂದ ಬೀಳುವ ಹಾಗೆ ನಕ್ಕೆ. "ಅಪ್ಪಾ, ಇವ್ನು ಕಾಲುಚೀಲ ಮೂಸ್ಬಿಟ್ಟಿದಾನೆ!" ಅಮ್ಮನೂ ನಕ್ಕಳು, ಅಪ್ಪನೂ ನಕ್ಕರು. ಮಿಲಿಟರಿಗೆ ಹೋಗುವ ತನಕ ನಾನು ಊರಿಗೆಲ್ಲ ಕಾಲುಚೀಲವಾದೆ. ಈಗಲೂ ಹಳೆಯ ಬಿಳಿ ವೈನ್ ಮೂಸಿದಾಗೆಲ್ಲ ನನಗೆ ಅದೇ ವಾಸನೆ ಬರುತ್ತದೆ. ಮೂಗೇ ನನ್ನದು ಕಾಲುಚೀಲದ್ದಿರಬೇಕು ಎಂದು ಸುಮ್ಮನಿದ್ದೇನೆ.

ಕಾಲಿನ ನೆಪ ಬೇಡ. ನೀನು ರೈಲು ಹತ್ತಿದರೆ ಸಾಕು, ತೂರ್ ನಿಲ್ದಾಣಕ್ಕೆ ಕಾರು ತೆಗೆದುಕೊಂಡು ನಾನೇ ಬರುತ್ತೇನೆ. ದೊಡ್ಡ ಬಾಟಲಿಯ ಕೆಳಗೆ ಬಟ್ಟೆ ಹಾಸಿದ್ದೇನೆ. ಇವತ್ತು ಅದರ ಮೇಲೆ ಕಾಸಿನಗಲ ಕಲೆಯಿತ್ತು.

ಆನ್ಸೆಲ್ಮ್

*

ರೊಸ್ಕಾಫ್
೧೮ ನವೆಂಬರ್ ೧೯೮೪

ಆನ್ಸೆಲ್ಮ್,

ಕ್ರಿಸ್‌ಮಸ್‌ಗೆ ಬರಲಾಗುವುದಿಲ್ಲ. ಈಸ್ಟರಿಗೂ ಹೇಳಲಾರೆ. ದೊಡ್ಡ ಬಾಟಲಿಯನ್ನು ನೀನೂ ಮಾರ್ಸೆಲಿನ್ನೂ ತೆಗೆದು ಕುಡಿಯಿರಿ. ಹೇಗಿತ್ತೆಂದು ಬರೆ. ಅಷ್ಟೇ ಸಾಕು ನನಗೆ.

ಕಾರಣ ಕೇಳಬೇಡ.

ಎಡ್ವಿಜ್

*

ಶಿನೋನ್
೨೫ ನವೆಂಬರ್ ೧೯೮೪

ಅಕ್ಕಾ,

ಕೇಳುವುದಿಲ್ಲ. ಕಾರಣ ನನಗೆ ಗೊತ್ತಿದೆ.

ನೀನು ಇನ್ನೂ ಅಪ್ಪನ ದ್ರಾಕ್ಷಿತೋಟದ ವಿಷಯ ಬಿಟ್ಟಿಲ್ಲ. ಅಪ್ಪ ಹೋದ ಮೂರನೇ ವರ್ಷಕ್ಕೆ ನಾನು ಅದನ್ನು ಮಾರಿದೆ. ನಿನ್ನನ್ನು ಕೇಳಿದೆ, ನೀನು 'ನಿನ್ನಿಷ್ಟ' ಎಂದು ಒಂದೇ ಸಾಲು ಬರೆದೆ, ಆಮೇಲೆ ಎರಡು ವರ್ಷ ಪತ್ರವೇ ಇಲ್ಲ. ನಾನೇನು ಮಾಡಬೇಕಿತ್ತು? ಬೆನ್ನು ಹೋಗಿತ್ತು. ಹಗಲೆಲ್ಲ ಪೀಪಾಯಿ ಬಡಿದು, ಸಂಜೆ ಬಳ್ಳಿ ಸವರಲು ಬಗ್ಗಿದರೆ ಮಾರ್ಸೆಲಿನ್ ಬಂದು ಎತ್ತಿ ನಿಲ್ಲಿಸಬೇಕಿತ್ತು. ನೀನು ಸಮುದ್ರದ ದಂಡೆಯಲ್ಲಿದ್ದೆ, ನಿನಗೆ ತೋಟ ಎಂದರೆ ಅಪ್ಪನ ನೆನಪು. ನನಗೆ ಅದು ದಿನಾ ಬೆಳಿಗ್ಗೆ ಮೂರು ಸಾವಿರ ಬಳ್ಳಿ.

ಇಪ್ಪತ್ತು ವರ್ಷ ಈ ಮಾತನ್ನು ನುಂಗಿಕೊಂಡಿದ್ದೆ. ಈಗ ಅಪ್ಪನ ಕೊನೆಯ ಬಾಟಲಿಗೆ ಕರೆದರೆ 'ನೀವೇ ಕುಡಿಯಿರಿ' ಎನ್ನುತ್ತೀಯ. ಆ ತೋಟದ ವೈನನ್ನು ತೋಟ ಮಾರಿದವನ ಮೇಜಿನ ಮೇಲೆ ಕುಡಿಯಲು ನಿನಗೆ ಮನಸ್ಸಿಲ್ಲ. ಹಾಗೆಂದು ನೇರವಾಗಿ ಹೇಳಿಬಿಡು.

ಮಾರ್ಸೆಲಿನ್ ಈ ಪತ್ರ ಹಾಕಬೇಡಿ ಎನ್ನುತ್ತಿದ್ದಾಳೆ. "ಅತ್ತಿಗೆ ಅಂಥೋರಲ್ಲ, ಬೇರೇನೋ ಇರ್ಬೇಕು ಕಣ್ರೀ" ಎಂದು ಲಕೋಟೆ ಕಿತ್ತುಕೊಳ್ಳಲು ಬಂದಳು. ನಾನು ಹಾಕುತ್ತಿದ್ದೇನೆ.

ಆನ್ಸೆಲ್ಮ್

*

ರೊಸ್ಕಾಫ್
೯ ಡಿಸೆಂಬರ್ ೧೯೮೪

ತಮ್ಮಾ,

ನಿನ್ನ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ನಿನ್ನ ಮೇಲೆ ನನಗೆ ಕೋಪವಿಲ್ಲ. ಇದಕ್ಕಿಂತ ಹೇಗೆ ಬರೆಯಬೇಕೋ ತಿಳಿಯದು. ಆದ್ದರಿಂದ ಇವತ್ತು ಕೆಂಪು ಬಾಟಲಿಯನ್ನು ತೆಗೆದೆ. ತೋಟದ ಮೇಲೆ ಮುನಿಸಿದ್ದವಳು ತೆಗೆಯುತ್ತಿದ್ದಳೇ? ಇಗೋ ಚೀಟಿ.

ಬಣ್ಣ: ಹೊಸ ಹೆಂಚಿನ ಅಂಚು, ನಡುವೆ ಚೆರಿಹಣ್ಣು. ಮೂಗು: ರಾಸ್ಪ್‌ಬೆರಿ, ನೇರಳೆ ಹೂವು, ಸ್ಕೂಲಿನ ಮೊದಲ ದಿನ ಹೆರೆದ ಪೆನ್ಸಿಲ್ಲು. ನಾಲಿಗೆ: ಒಗರು ರೇಷ್ಮೆಯಾಗಿದೆ. ತುಂಬು ಸಂಸಾರ, ಯಾರೂ ಜಗಳವಾಡುವುದಿಲ್ಲ. ಹದಿನೇಳು.

ಹದಿನೇಳು, ನೋಡು. ಅಪ್ಪ ಕೊಟ್ಟಿದ್ದೂ ಅಷ್ಟೇ ಇರಬೇಕು.

ಒಬ್ಬಳೇ ಕುಡಿಯಬಾರದೆಂದು ಲ ಗುವೆನ್‌ಗೂ ಒಂದು ಲೋಟ ಕೊಟ್ಟೆ. ಕೊಡಬಾರದಿತ್ತು. ಆ ಮನುಷ್ಯ ಮೂಗಿನ ಹತ್ತಿರ ಹಿಡಿದವನೇ ಮುಖ ಹುಳ್ಳಗೆ ಮಾಡಿದ. "ಏನಮ್ಮಾ ಇದು, ಮಳೇಲಿ ನೆಂದ ರಟ್ಟಿನ ಡಬ್ಬ ಇದ್ದಂಗಿದೆ!" ಸೇಬಿನ ಸೈಡರ್ ಕುಡಿದು ಬೆಳೆದ ಈ ಕರಾವಳಿಯ ಬ್ರೆಟನ್ನನಿಗೆ ಅಪ್ಪನ ವೈನು ಹೇಗೆ ರುಚಿಸಬೇಕು? "ನಿನಗೆ ಕೊಟ್ಟಿದ್ದು ನನ್ನದೇ ತಪ್ಪು" ಎಂದು ಲೋಟ ಕಿತ್ತುಕೊಂಡು ಕಳಿಸಿದೆ. ಉಳಿದದ್ದನ್ನು ನಾನೇ ಮೂರು ದಿನ ಇಟ್ಟುಕೊಂಡು ಕುಡಿಯುತ್ತೇನೆ.

ಬರಲಾಗುವುದಿಲ್ಲ ಎಂದಿದ್ದೇನೆ. ಅದನ್ನು ತೋಟಕ್ಕೆ ಕಟ್ಟಬೇಡ.

ಎಡ್ವಿಜ್

*

ರೊಸ್ಕಾಫ್
೩೦ ಡಿಸೆಂಬರ್ ೧೯೮೪

ಆನ್ಸೆಲ್ಮ್,

ಮೂರು ವಾರವಾಯಿತು. ಕ್ರಿಸ್‌ಮಸ್‌ಗೆ ಒಂದು ಕಾರ್ಡೂ ಇಲ್ಲ. ಅಪ್ಪನ ವೈನನ್ನು ಹೊರಗಿನವನಿಗೆ ಕೊಟ್ಟೆನೆಂದು ಮುನಿಸೇ? ಕೊಟ್ಟದ್ದು ಎರಡು ಬೆರಳು ಅಷ್ಟೇ, ಅದನ್ನೂ ಅವನು ಕುಡಿಯಲಿಲ್ಲ.

ಹೊಸ ವರ್ಷದ ಶುಭಾಶಯಗಳು. ಮಾರ್ಸೆಲಿನ್‌ಗೂ ಹೇಳು.

ಎಡ್ವಿಜ್

*

ಶಿನೋನ್
೬ ಜನವರಿ ೧೯೮೫

ನನ್ನ ಅಕ್ಕನಿಗೆ,

ಮುನಿಸಿಲ್ಲ. ನಿನ್ನ ಡಿಸೆಂಬರಿನ ಪತ್ರವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಓದಿದ್ದನ್ನೇ ಓದುತ್ತಿದ್ದೆ. ತೋಟದ ಬಗ್ಗೆ ಬರೆದದ್ದು ನನ್ನ ತಪ್ಪು. ಮಾರ್ಸೆಲಿನ್ ಹೇಳಿದ್ದೇ ಸರಿ ಎಂದು ಅವಳೆದುರು ಒಪ್ಪಿಕೊಂಡೂ ಆಯಿತು. ಅಂದಿನಿಂದ ಈ ಮನೆಯಲ್ಲಿ ನನ್ನ ಮಾತು ನಡೆಯುತ್ತಿಲ್ಲ.

ನಿನ್ನ ಲ ಗುವೆನ್ ಮೇಲೆ ಕೋಪ ಮಾಡಿಕೊಳ್ಳಬೇಡ. ಅವನಿಗೆ ನನ್ನ ನಮಸ್ಕಾರ ತಿಳಿಸು.

ಇವತ್ತು ಮೂರು ರಾಜರು ಬಾಲಯೇಸುವನ್ನು ಕಂಡ ಹಬ್ಬ, ಅದರ ಕೇಕು ಕೊಯ್ದೆವು. ಹಬ್ಬದ ಹುರುಪಿನಲ್ಲಿ ನಾನೊಂದು ಹೊಸ ನಿಯಮ ಮಾಡಿದೆ. ಅಪ್ಪ ಬಾಟಲಿಗೆ ಕಾಲುಚೀಲ ಹಾಕುತ್ತಿದ್ದರು, ಏಕೆಂದರೆ ಕಣ್ಣು ಸುಳ್ಳು ಹೇಳುತ್ತದೆ. ಮೂಗೇನು ಸಂತನೇ? ಅದಕ್ಕೂ ಒಂದು ಕಾಲುಚೀಲ ಬೇಕಲ್ಲವೇ? ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಮೂಗಿಗೆ ಸಿಕ್ಕಿಸಿಕೊಂಡೆ. ಕಣ್ಣಿಗೆ ಮಾರ್ಸೆಲಿನ್‌ಳ ಸ್ಕಾರ್ಫು. ಅವಳು ಎರಡು ಕಾಫಿ ಬೋಗುಣಿಗಳಲ್ಲಿ ಊರಿನ ಹೊಸ ವೈನು ಸುರಿದಳು, ಒಂದರಲ್ಲಿ ಕೆಂಪು, ಒಂದರಲ್ಲಿ ಬಿಳಿ. ಎರಡೂ ನೆಲಮಾಳಿಗೆಯಿಂದ ಬಂದವು, ಒಂದೇ ತಂಪು.

ಅಕ್ಕಾ, ನಾನು ಬಿಳಿಯದನ್ನು ಕುಡಿದು "ಇದು ಕೆಂಪು, ತುಂಬಾ ಒಳ್ಳೆ ಕೆಂಪು" ಎಂದೆ.

ಮಾರ್ಸೆಲಿನ್ ನಕ್ಕು ನಕ್ಕು ಬೆಂಚಿನ ಮೇಲೆ ಕುಸಿದಳು. "ಸಾಕು ಬಿಡಿ, ಇನ್ಮೇಲೆ ನಿಮ್ಗೆ ವಿನೆಗರ್ ಕೊಟ್ರೂ ನಡೆಯುತ್ತೆ!" ಮೂರು ಸಲ ಮಾಡಿದೆ, ಎರಡು ಸಲ ತಪ್ಪಿದೆ. ಅರ್ಧ ಶತಮಾನ ಕುಡಿದಿದ್ದೇನೆ. ನನ್ನ ನಾಲಿಗೆ ಇಷ್ಟು ವರ್ಷ ಮೂಗಿನ ಹೆಗಲ ಮೇಲೆ ಕೂತು ಸವಾರಿ ಮಾಡಿದೆ ಅಷ್ಟೇ.

ಈಗ ನಿನ್ನ ಸರದಿ. ಊರಿನ ಅದೇ ಹೊಸ ವೈನಿನ ಎರಡು ಬಾಟಲಿಯನ್ನೂ ಒಂದು ಕ್ಲಿಪ್ಪನ್ನೂ ಕಳಿಸಿದ್ದೇನೆ. ಚೀಟಿಯಲ್ಲಿ ಮೂಗಿನ ಸಾಲು ಬೇಡ. ಹುಳಿ, ಸಿಹಿ, ಉಪ್ಪು, ಕಹಿ, ಒಗರು. ಒಸಡಿಗೇನಾಯಿತು, ಗಂಟಲಿಗೇನಾಯಿತು. ಅಷ್ಟೇ. ಇನ್ನು ಮುಂದೆ ನಮ್ಮಿಬ್ಬರ ಆಟ ಇದೇ. ದೊಡ್ಡ ಬಾಟಲಿಯನ್ನೂ ಹೀಗೇ ನೋಡೋಣ, ಕ್ಲಿಪ್ಪು ಹಾಕಿಕೊಂಡು, ಇಬ್ಬರೂ.

ಈ ಸಲ ಬಾ ಎಂದು ಕರೆಯುವುದಿಲ್ಲ. ದೊಡ್ಡ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಬಿರಡೆಗೆ ಮೇಣ ಬಳಿದು ಇಟ್ಟಿದ್ದೇನೆ. ಎಷ್ಟು ದಿನ ತಡೆಯುತ್ತದೋ ತಡೆಯಲಿ.

ಆನ್ಸೆಲ್ಮ್

*

ರೊಸ್ಕಾಫ್
೨೦ ಜನವರಿ ೧೯೮೫

ನನ್ನ ತಮ್ಮ ಆನ್ಸೆಲ್ಮ್‌ಗೆ,

ಕ್ಲಿಪ್ಪನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ನನಗೆ ಅದು ಬೇಕಿಲ್ಲ. ಅದು ನಿನಗೂ ಗೊತ್ತು.

ಪೆಟ್ಟಿಗೆ ಬಿಚ್ಚಿ ಕ್ಲಿಪ್ಪನ್ನು ಕೈಲಿ ಹಿಡಿದುಕೊಂಡಾಗ ಮೊದಲು ನಗು ಬಂತು. ಆಮೇಲೆ ಲ ಗುವೆನ್‌ಗೆ ನಮಸ್ಕಾರ ಹೇಳು ಎಂದ ಸಾಲು ನೆನಪಾಯಿತು. 'ಮಳೇಲಿ ನೆಂದ ರಟ್ಟಿನ ಡಬ್ಬ.' ನನ್ನ ಕೈಯಾರೆ ಬರೆದು ಕಳಿಸಿದ್ದೆ. ಆ ಬಾಟಲಿಯ ಬಿರಡೆ ಕೆಟ್ಟಿತ್ತು. ಪಾದ್ರಿಯ ಸ್ವರ್ಗದಂತೆಯೇ ಕೆಟ್ಟಿತ್ತು. ನಾನು ಅದಕ್ಕೆ ಹದಿನೇಳು ಕೊಟ್ಟು, ಮೂರು ದಿನ ಕುಡಿದು, ನಿಜ ಹೇಳಿದ ಬಡಪಾಯಿಯನ್ನು ಮನೆಯಿಂದ ಓಡಿಸಿದೆ. ನಿನ್ನೆ ಅವನಿಗೆ ಬೆಣ್ಣೆ ಕೇಕು ಕೊಟ್ಟು ತಪ್ಪಾಯಿತೆಂದೆ. "ಯಾಕಮ್ಮಾ, ಇದ್ರಲ್ಲೇನೂ ವಾಸ್ನೆ ಇಲ್ವಲ್ಲ?" ಎಂದು ಅನುಮಾನದಿಂದ ಮೂಸಿಯೇ ತಿಂದ.

ಬಿದ್ದಾಗ ಹೋಯಿತು, ಆನ್ಸೆಲ್ಮ್. ಆಸ್ಪತ್ರೆಯಲ್ಲಿ ಮೂರನೇ ದಿನ ಸೂಪು ತಂದರು, ಬಿಸಿನೀರು ಎಂದುಕೊಂಡೆ. ಡಾಕ್ಟರು ತಲೆಯ ಹಿಂದೆ ಪೆಟ್ಟು ಬಿದ್ದರೆ ಹೀಗಾಗುವುದುಂಟು, ವರ್ಷದೊಳಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು. ಬರುವ ತಿಂಗಳಿಗೆ ವರ್ಷ. ಬಂದಿಲ್ಲ. ಬರುವುದಿಲ್ಲ.

ಆ ಚೀಟಿಗಳೆಲ್ಲ ಅಪ್ಪನ ಕಪ್ಪು ಪುಸ್ತಕದಿಂದ ನಕಲು ಮಾಡಿದವು. ಅಕ್ಷರಕ್ಕೆ ಅಕ್ಷರ. ನೀನು 'ಅಪ್ಪನೇ ಹೇಳಿದ ಹಾಗಿತ್ತು' ಎಂದು ಬರೆದಾಗ ನಾಚಿಕೆಯಿಂದ ಸತ್ತೆ. ಮೂವತ್ತು ವರ್ಷ ಮಕ್ಕಳು ಪಕ್ಕದವರದನ್ನು ನೋಡಿ ಬರೆದರೆ ಬೆಂಚಿನ ಮೇಲೆ ನಿಲ್ಲಿಸಿದ ಟೀಚರು ನಾನು.

ಯಾಕೆ ಹೇಳಲಿಲ್ಲ ಎಂದು ನೀನು ಕೇಳುವುದಿಲ್ಲ. ಆದರೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ನಾನು ಯಾರಾಗಿದ್ದೆ? ಮೂಗು. ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದುದು ಅದಕ್ಕೆ. ನೀನು ನನಗೆ ಬಾಟಲಿ ಕಳಿಸಿದ್ದೂ ಅದಕ್ಕೆ. ಅದೇ ಹೋದ ಮೇಲೆ ಆ ಮೇಜಿಗೆ ಏನೆಂದು ಬಂದು ಕೂರಲಿ? ನೀನು ಸುರಿಯುತ್ತೀಯ, ನನ್ನ ಮುಖ ನೋಡುತ್ತ ಕಾಯುತ್ತೀಯ. ಪತ್ರದಲ್ಲಿ ನಕಲು ಮಾಡಬಹುದು, ಎದುರಿಗೆ ಕೂತು ಮಾಡಲಾಗುವುದಿಲ್ಲ.

ಹೂವು, ಕಾಫಿ, ಸೂಪು ಇವೆಲ್ಲ ಹೋದರೆ ಹೋಗಲಿ. ನನ್ನ ಯಜಮಾನ ಯಾನ್‌ನ ಕೋಟು ಇನ್ನೂ ಬಾಗಿಲ ಹಿಂದೆ ತೂಗಿದೆ. ಅವನು ಹೋಗಿ ಹನ್ನೊಂದು ವರ್ಷವಾದರೂ ದೋಣಿಯ ಡಾಂಬರೂ ತಂಬಾಕೂ ಅದರಲ್ಲಿ ಹಾಗೇ ಇತ್ತು. ದಿನಾ ಹೊರಗೆ ಹೋಗುವಾಗ ಕಾಲರಿಗೆ ಮೂಗು ತಾಗಿಸಿ ಹೋಗುತ್ತಿದ್ದೆ. ಈಗ ಅದು ಬರೀ ಕೋಟು. ಅದಕ್ಕೆ ಅಳುತ್ತೇನೆ, ಬೇರೆ ಯಾವುದಕ್ಕೂ ಅಲ್ಲ.

ತೋಟದ ಮೇಲೆ ಎರಡು ವರ್ಷ ಕೋಪವಿದ್ದದ್ದು ನಿಜ. ಮೂರನೇ ವರ್ಷ ಹೋಯಿತು. ನಿನಗೆ ತಿಳಿಸಲು ಮರೆತೆ. ಹದಿನೇಳು ವರ್ಷ ಮರೆತೆ, ಅದಕ್ಕೆ ಕ್ಷಮಿಸು.

ಇನ್ನು ಪರೀಕ್ಷೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೆ, ಲ ಗುವೆನ್ ಸುರಿದ. ಮೊದಲ ಬೋಗುಣಿ: ಹುಳಿ ನಾಲಿಗೆಯ ಎರಡು ಪಕ್ಕ ಓಡಿತು, ಬಾಯಿ ನೀರೂರಿತು, ಒಸಡು ಹಾಗೇ ಇತ್ತು. ಬಿಳಿ. ಎರಡನೆಯದು: ಮೇಲ್ದುಟಿ ಹಲ್ಲಿಗೆ ಅಂಟಿತು, ದ್ರಾಕ್ಷಿ ಬೀಜ ಕಚ್ಚಿದ ಹಾಗೆ ಒಗರು. ಕೆಂಪು. ಹತ್ತು ಸಲ ಮಾಡಿದೆವು. ಹತ್ತಕ್ಕೆ ಹತ್ತು. ಲ ಗುವೆನ್ ಸಾಕ್ಷಿ. ಒಂದು ವರ್ಷದಿಂದ ಬರೀ ನಾಲಿಗೆಯಲ್ಲಿ ಉಣ್ಣುತ್ತಿದ್ದೇನಲ್ಲ, ಅದು ನನಗೆ ಗೊತ್ತಿಲ್ಲದ ಹಾಗೆ ಪಾಠ ಕಲಿತಿದೆ.

ನೀನು ಮೂರಕ್ಕೆ ಒಂದು ಅಲ್ಲವೇ? ಪಾಪ.

ಬರುತ್ತೇನೆ. ರೈಲಿನ ಸಮಯ ನೋಡಿ ಬರೆ.

ನಿನ್ನ ಅಕ್ಕ,
ಎಡ್ವಿಜ್

*

ಶಿನೋನ್
೨೭ ಜನವರಿ ೧೯೮೫

ಅಕ್ಕಾ,

ಇಲ್ಲಿ ನದಿಯ ಅಂಚು ಹೆಪ್ಪುಗಟ್ಟಿದೆ, ರಸ್ತೆ ಜಾರುತ್ತದೆ. ನಿನ್ನನ್ನು ಇನ್ನೊಂದು ಸಲ ಬೀಳಿಸುವುದಿಲ್ಲ. ಮಾರ್ಚ್ ಒಂದರ ಶುಕ್ರವಾರ ಬೆಳಗಿನ ರೈಲು ಹತ್ತು. ತೂರ್ ನಿಲ್ದಾಣದಲ್ಲಿ ಗಡಿಯಾರದ ಕೆಳಗೆ ನಿಂತಿರುತ್ತೇನೆ. ಭಾನುವಾರ ಹನ್ನೊಂದಕ್ಕೆ ಬಾಟಲಿ.

'ಆ ಮೇಜಿಗೆ ಏನೆಂದು ಬಂದು ಕೂರಲಿ' ಎಂದು ನೀನು ಕೇಳಿದೆ. ಓದಿದಾಗಿನಿಂದ ಉತ್ತರ ಹುಡುಕುತ್ತಿದ್ದೇನೆ, ಚೆಂದವಾಗಿ ಬರೆಯಲು ಬರುತ್ತಿಲ್ಲ. ನನಗೆ ಇನ್ನೊಬ್ಬ ಅಕ್ಕ ಇಲ್ಲ. ಆ ಅಡುಗೆಮನೆಯಲ್ಲಿ ಯಾರ ಕುರ್ಚಿ ಎಲ್ಲಿತ್ತು ಎಂದು ಬಲ್ಲವರು ನಿನ್ನನ್ನು ಬಿಟ್ಟು ಇನ್ನು ಯಾರೂ ಉಳಿದಿಲ್ಲ. ಅಷ್ಟೇ.

ಮಾರ್ಸೆಲಿನ್ ಪಕ್ಕದಲ್ಲಿ ನಿಂತು ಹೇಳಿಸುತ್ತಿದ್ದಾಳೆ: "ಯಾನಣ್ಣನ ಕೋಟು ತರೋಕೆ ಹೇಳಿ. ನಾವು ಮೂಸಿ ಹೇಳ್ತೀವಿ, ಇನ್ನೂ ಇದೆಯೋ ಇಲ್ವೋ ಅಂತ."

ತಾ.

ಆನ್ಸೆಲ್ಮ್

*

ಶಿನೋನ್, ೩ ಮಾರ್ಚ್ ೧೯೮೫, ಭಾನುವಾರ
ಎಡ್ವಿಜ್‌ಳ ಚೀಟಿ

ಬಣ್ಣ: ಕಂಡದ್ದನ್ನೇ ಬರೆಯುತ್ತೇನೆ. ಕಿಟಕಿಯ ಬಿಸಿಲು ಬಿದ್ದಾಗ ಮೇಜಿನ ಬಟ್ಟೆಯ ಮೇಲೆ ಹಳದಿಯ ಚುಕ್ಕೆ ಅಲ್ಲಾಡುತ್ತಿದೆ.

ಮೂಗು: ಖಾಲಿ ಬಿಟ್ಟಿದ್ದೇನೆ.

ನಾಲಿಗೆ: ಮೊದಲು ಸಿಹಿ, ಅದರ ಹಿಂದೆಯೇ ಹುಳಿ. ಕೊನೆಗೆ ಚಿಟಿಕೆ ಉಪ್ಪು, ಒಂಚೂರು ಕಹಿ. ನುಂಗಿದ ಮೇಲೂ ಅರವತ್ತರ ತನಕ ಎಣಿಸಿದೆ, ಬಿಸುಪು ಗಂಟಲಲ್ಲಿ ಇನ್ನೂ ಇತ್ತು. ಬಿರಡೆ ಒಸರಿಯೂ ಇಷ್ಟು ಉಳಿದಿದೆ.

ಅಂಕ: ಹದಿನೇಳು. ಇದು ನನ್ನದೇ, ಪುಸ್ತಕದ್ದಲ್ಲ.

ಚೀಟಿಯಲ್ಲಿ ಇನ್ನೂ ಜಾಗವಿದೆ, ಆದ್ದರಿಂದ ಇದು. ಇಪ್ಪತ್ತಾರನೇ ಇಸವಿಯ ಆ ಭಾನುವಾರ ಒದ್ದೆ ಉಣ್ಣೆಯ ವಾಸನೆ ನನಗೂ ಬಂದಿತ್ತು. ನಿನಗಿಂತ ಮೊದಲೇ ಬಂದಿತ್ತು. ಬರೆದರೆ ನಗುತ್ತಾರೆಂದು ಸೇಬು ಎಂದು ಬರೆದೆ. ನೀನು ಧೈರ್ಯ ಮಾಡಿ ಬರೆದೆ, ನಾನೇ ಮೊದಲು ನಕ್ಕೆ. ಐವತ್ತೊಂಬತ್ತು ವರ್ಷ ನಿನ್ನನ್ನು ಕಾಲುಚೀಲ ಎಂದೆ.

ನೀನು ಎದುರಿಗೆ ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದೀಯ. ಅದನ್ನು ತೆಗಿ. ನಮ್ಮಿಬ್ಬರಲ್ಲಿ ಒಬ್ಬರಾದರೂ ಇದನ್ನು ಮೂಸಬೇಕು. ಮೂಸಿ, ಆ ವಾಸನೆ ಇನ್ನೂ ಇದೆಯೇ ಹೇಳು.

*

ಅದೇ ದಿನ
ಆನ್ಸೆಲ್ಮ್‌ನ ಚೀಟಿ

ಮೋಸ ಮಾಡಿದೆ. ನೀನು ಬ್ರೆಡ್ಡು ಕೊಯ್ಯಲು ಆ ಕಡೆ ತಿರುಗಿದಾಗ ಒಂದು ಗಳಿಗೆ ಕ್ಲಿಪ್ಪು ತೆಗೆದೆ. ತಡೆಯಲಾಗಲಿಲ್ಲ. ಮಾರ್ಸೆಲಿನ್ ನೋಡಿ ಕಣ್ಣು ಮಿಟುಕಿಸಿದಳು.

ಬಣ್ಣ: ಹಳದಿ.

ಮೂಗು: ಜೇನು. ಬೆಂದ ಸೇಬು, ನಿನ್ನದು ಸರಿಯೇ. ಅವುಗಳ ಹಿಂದೆ ಅಪ್ಪ ಮಳೆಯಲ್ಲಿ ತೋಟದಿಂದ ಬಂದು ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಾರೆ. ಒದ್ದೆ ಉಣ್ಣೆ. ನಗುವುದಾದರೆ ನಗು.

ನಾಲಿಗೆ: ನಿನ್ನದನ್ನು ನೋಡಿ ಬರೆಯುತ್ತೇನೆ.

ಅಂಕ: ಇಪ್ಪತ್ತು. ದೇವರು ಬೇಕಿದ್ದರೆ ಇನ್ನೊಂದು ಬಾಟಲಿ ಹುಡುಕಿಕೊಳ್ಳಲಿ.